ಕೂದಲು ಕತ್ತರಿಸಿಕೊಂಡ ಮೆಟಾಲಿಕಾ, ಕೈ ಮುಗಿದ ನಮ್ಮಮ್ಮ



ಯಲಹಂಕ ನ್ಯೂ ಟೌನಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಪತ್ರ ಬರೆದಿದ್ದಾರೆ. ವಾಟ್ಸ್ಆ್ಯಪ್ ಅಲ್ಲ, ಇನ್‌ಲ್ಯಾಂಡ್ ಲೆಟರು. ಅಕ್ಷರ ನೋಡಿದ್ರೆ ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ಚೆಂದ. ಒಳಗಿರೋದು ಮಾತ್ರ ಬೈಗುಳ. "ನೀವು ಮೊದಲಿನ ಹಾಗಿಲ್ಲ. ಮೊದಲು ಮೇಜು ಕುಟ್ಟಿ ಕೇಳುತ್ತಿದ್ದಿರಿ, ಎದುರು ಕೂತವರು ಬೆವರುತ್ತಿದ್ದರು. ಈಗ ಬ್ಯಾಂಕ್ ಮ್ಯಾನೇಜರು ಸಾಲದ ಅರ್ಜಿ ಓದಿದ ಹಾಗೆ ಮಾತಾಡುತ್ತೀರಿ. ಯಾರಿಗೆ ಹೆದರಿದಿರಿ?" ಅಂತ ಕೇಳಿದ್ದಾರೆ.

ಮೇಷ್ಟ್ರೇ, ಯಾರಿಗೂ ಹೆದರಿಲ್ಲ. ಆದರೆ ನಿಮ್ಮ ಪತ್ರ ಓದಿದಾಗ ನಂಗೆ ನಗು ಬಂತು. ಯಾಕಂದ್ರೆ ಇದೇ ಪತ್ರವನ್ನ, ಇದೇ ಸಿಟ್ಟಿನಲ್ಲಿ, ನಾನೂ ಒಂದು ಕಾಲಕ್ಕೆ ಬರೆದಿದ್ದೆ. ಪೋಸ್ಟ್ ಮಾಡ್ಲಿಲ್ಲ, ಅಷ್ಟೇ. ಅಮೆರಿಕದ ವಿಳಾಸ ಗೊತ್ತಿರಲಿಲ್ಲ. ಅವತ್ತು ಯಾರಿಗೆ ಬರೆದೆ, ಯಾಕೆ ಬರೆದೆ ಅನ್ನೋದನ್ನ ಇವತ್ತು ಹೇಳ್ತೀನಿ. ರಾಜಕೀಯ ಇಲ್ಲ, ಡಿಬೇಟ್ ಇಲ್ಲ. ಬೇಜಾರಾದ್ರೆ ರಿಮೋಟ್ ನಿಮ್ಮ ಕೈಲೇ ಇದೆ.

ನಾನು ಬೆಳೆದದ್ದು ಆರ್.ಟಿ. ನಗರದಲ್ಲಿ. ಆರ್.ಟಿ. ಅಂದ್ರೆ ರವೀಂದ್ರನಾಥ ಟ್ಯಾಗೋರ್ ಅಂತ ಅಲ್ಲಿರೋರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಇರಲಿ. ಅಪ್ಪ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಗುಮಾಸ್ತರು. ಮನೆಯಲ್ಲಿ ಒಂದೇ ಟೇಪ್ ರೆಕಾರ್ಡರು. ಬೆಳಗ್ಗೆ ಅದು ಅಪ್ಪನದು. ಅಪ್ಪನಿಗೆ ಕಾಳಿಂಗರಾಯರು ಬಿಟ್ಟರೆ ಬೇರೆ ದೇವರಿಲ್ಲ. ಮಧ್ಯಾಹ್ನ ಅದು ಅಮ್ಮನದು, ಅಮ್ಮನಿಗೆ ಸಿ. ಅಶ್ವತ್ಥ್. ರಾತ್ರಿ ನಂದು. ನಂದು ಅಂದ್ರೆ ಮೆಟಾಲಿಕಾ.

ಗೊತ್ತಿಲ್ಲದವರಿಗೆ ಒಂದು ಮಾತು. 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಜೇಮ್ಸ್ ಹೆಟ್‌ಫೀಲ್ಡ್, ಲಾರ್ಸ್ ಉಲ್ರಿಕ್ ಅನ್ನೋ ಇಬ್ಬರು ಹುಡುಗರು ಶುರು ಮಾಡಿದ ತಂಡ ಇದು. ಥ್ರ್ಯಾಶ್ ಮೆಟಲ್ ಅಂತಾರೆ ಅವರ ಸಂಗೀತಕ್ಕೆ. ವೇಗ ಅಂದ್ರೆ ವೇಗ. ಗಿಟಾರ್ ಕೇಳಿದ್ರೆ ಮರ ಕೊಯ್ಯೋ ಮಿಲ್ಲಿನೊಳಗೆ ನಿಂತ ಹಾಗಿರುತ್ತೆ, ಆದರೆ ಅಲ್ಲಿ ಒಂದು ಏಟೂ ತಾಳ ತಪ್ಪಲ್ಲ. 1983ರಿಂದ 1988ರ ಒಳಗೆ ನಾಲ್ಕು ಆಲ್ಬಂ ಮಾಡಿದ್ರು. ಆ ನಾಲ್ಕು ನಮಗೆ ನಾಲ್ಕು ವೇದ. ನಡುವೆ 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಅವರ ಬೇಸ್ ಗಿಟಾರಿಸ್ಟ್ ಕ್ಲಿಫ್ ಬರ್ಟನ್ ತೀರಿಕೊಂಡ. ಅವನಿಗೆ 24 ವರ್ಷ. ಆ ಫೋಟೋ ನನ್ನ ಪುಸ್ತಕದ ಕಪಾಟಿನ ಒಳಬದಿಯಲ್ಲಿತ್ತು. ಹೊರಗೆ ಅಂಟಿಸಿದ್ರೆ ಅಮ್ಮ ಕಿತ್ತುಹಾಕ್ತಾರೆ ಅಂತ.

ಯಶವಂತಪುರದಲ್ಲಿ ಒಬ್ಬ ಸ್ನೇಹಿತ ಇದ್ದ. ಅವನ ಮನೇಲಿ ಎರಡು ಕ್ಯಾಸೆಟ್ ಹಾಕೋ ಟೇಪ್ ರೆಕಾರ್ಡರ್ ಇತ್ತು. ಒಂದರಿಂದ ಇನ್ನೊಂದಕ್ಕೆ ಇಳಿಸಿಕೊಳ್ಳಬಹುದು. ಅವನ ಸ್ನೇಹ ನಾನು ಮಾಡಿದ್ದೇ ಅದಕ್ಕೆ ಅಂದ್ರೆ ತಪ್ಪೇನಿಲ್ಲ, ಅವನಿಗೂ ಗೊತ್ತು. ಇಬ್ಬರೂ ಭುಜದವರೆಗೆ ಕೂದಲು ಬಿಟ್ಟಿದ್ವಿ. ಅಮ್ಮ ದಿನಾ ಎಣ್ಣೆ ಬಟ್ಟಲು ಹಿಡಿದುಕೊಂಡು ಹಿಂದೆ ಬರ್ತಿದ್ರು. "ಜಡೆ ಹಾಕ್ತೀನಿ ಬಾ, ಮಲ್ಲಿಗೆ ಹೂವೂ ಇದೆ" ಅಂತ.

1991ರಲ್ಲಿ ಕಪ್ಪು ರಟ್ಟಿನ ಆಲ್ಬಂ ಬಂತು. ಸ್ವಲ್ಪ ನಿಧಾನ, ಸ್ವಲ್ಪ ಸರಳ. ಅದರಲ್ಲೊಂದು ಪ್ರೇಮಗೀತೆಯೂ ಇತ್ತು. ಹೆಟ್‌ಫೀಲ್ಡ್ ಒಂದು ಕೈಯಲ್ಲಿ ಫೋನು ಹಿಡಿದು ಗೆಳತಿ ಜತೆ ಮಾತಾಡ್ತಾ, ಇನ್ನೊಂದು ಕೈಯಲ್ಲಿ ಗಿಟಾರಿನ ತಂತಿ ಮೀಟ್ತಾ ಕೂತಾಗ ಹುಟ್ಟಿದ್ದಂತೆ ಅದು. ಜಗತ್ತೆಲ್ಲ ಕುಣೀತು. ನಾವೂ ಒಳಗೊಳಗೇ ಕುಣಿದ್ವಿ, ಮೇಲ್ನೋಟಕ್ಕೆ ಮುಖ ಸಿಂಡರಿಸಿದ್ವಿ. ಕ್ಷಮಿಸಿಬಿಟ್ವಿ ಅಂತಿಟ್ಕೊಳ್ಳಿ.

ಆಮೇಲೆ ಬಂತು 1996ರ ಜೂನ್. ಆಲ್ಬಂ ಹೆಸರು 'ಲೋಡ್'. ಐದು ವರ್ಷ ಕಾದಿದ್ವಿ. ಬ್ರಿಗೇಡ್ ರೋಡಿನ ಅಂಗಡಿಯಿಂದ ಕ್ಯಾಸೆಟ್ ತಂದು, ಬಸ್ಸಿನಲ್ಲೇ ಪ್ಲಾಸ್ಟಿಕ್ ಹರಿದು ನೋಡ್ತೀನಿ, ನಾಲ್ಕೂ ಜನ ಕೂದಲು ಕತ್ತರಿಸಿಕೊಂಡುಬಿಟ್ಟಿದ್ದಾರೆ! ಕ್ರಾಪು! ಕಣ್ಣಿಗೆ ಕಪ್ಪು ಹಚ್ಚಿದ್ದಾರೆ. ತಂಡದ ಹೆಸರು ಬರೆಯೋ ಶೈಲಿಯಲ್ಲಿ ಎರಡು ತುದಿಗೂ ಭರ್ಜಿ ಥರ ಚೂಪು ಇತ್ತಲ್ಲ, ಅದನ್ನೂ ಮೊಂಡು ಮಾಡಿದ್ದಾರೆ. ಕ್ಯಾಸೆಟ್ ಹಾಕಿ ಕೇಳಿದ್ರೆ ವೇಗವೇ ಇಲ್ಲ. ಬ್ಲೂಸ್ ಇದೆ. ಎರಡನೇ ಬದಿಯಲ್ಲಿ 'ಮಾಮಾ ಸೆಡ್' ಅಂತ ಒಂದು ಹಾಡು, ಅದಂತೂ ಥೇಟ್ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ. ಕುದುರೆ ಮೇಲೆ ಟೋಪಿ ಹಾಕ್ಕೊಂಡು ಹಾಡ್ತಾರಲ್ಲ, ಆ ಥರ.

ಅಮ್ಮ ಆ ಕ್ಯಾಸೆಟ್ಟಿನ ಕವರ್ ಕೈಗೆತ್ತಿಕೊಂಡ್ರು. ಕನ್ನಡಕ ಏರಿಸಿ, ಇಳಿಸಿ, ಇನ್ನೊಂದ್ಸಲ ನೋಡಿದ್ರು. ದೇವರ ಮನೆ ಕಡೆ ತಿರುಗಿ ಕೈ ಮುಗಿದ್ರು. ನಿಜವಾಗ್ಲೂ ಮುಗಿದ್ರು. "ನೋಡೋ, ನಿನ್ನ ಮೆಟಾಲಿಕಾದವರಿಗೇ ಬುದ್ಧಿ ಬಂತು. ನಿಂಗ್ಯಾವಾಗ?" ಅಂದ್ರು.

ಅವತ್ತು ರಾತ್ರಿ ಬರೆದದ್ದು ಆ ಪತ್ರ. ಡಿಯರ್ ಸರ್ ಅಂತ ಶುರು ಮಾಡಿದ್ದೆ. ನೀವು ಮೊದಲಿನ ಹಾಗಿಲ್ಲ. ಯಾರಿಗೆ ಮಾರಿಕೊಂಡಿರಿ? ಹೆಚ್ಚುಕಮ್ಮಿ ಮೇಷ್ಟ್ರ ಪತ್ರವೇ.

ಯಶವಂತಪುರದವನು ಇನ್ನೂ ಮುಂದೆ ಹೋದ. "ಮೆಟಾಲಿಕಾ 1988ಕ್ಕೆ ಮುಗೀತು" ಅಂತ ಘೋಷಣೆ ಮಾಡಿದ. ಇವತ್ತಿಗೂ ಆ ಘೋಷಣೆ ಹಿಂತೆಗೆದುಕೊಂಡಿಲ್ಲ.

ಇದು ನಮ್ಮಿಬ್ಬರ ಹುಚ್ಚು ಮಾತ್ರ ಅಲ್ಲ ಅಂತ ಆಮೇಲೆ ತಿಳೀತು. 1965ರಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಜಾನಪದ ಪ್ರಿಯರು ಕೂಗು ಹಾಕಿದ್ರು. ಮುಂದಿನ ವರ್ಷ ಮ್ಯಾಂಚೆಸ್ಟರಿನಲ್ಲಿ ಪ್ರೇಕ್ಷಕನೊಬ್ಬ ಅವನನ್ನ ಜೂಡಾಸ್ ಅಂತ ಕರೆದ. ಅಷ್ಟು ದೂರ ಯಾಕೆ, 1987ರಲ್ಲಿ 'ಪ್ರೇಮಲೋಕ' ಬಂದಾಗ ಹಂಸಲೇಖರ ಹಾಡು ಕೇಳಿ ನಮ್ಮ ಬೀದಿಯ ಹಿರಿಯರು "ಇದೂ ಒಂದು ಸಂಗೀತವಾ" ಅಂದಿದ್ದು ನನ್ನ ಕಿವಿಯಲ್ಲೇ ಇದೆ. ಈಗ ಅದೇ ಹಿರಿಯರ ಮಕ್ಕಳ ಮದುವೆಯಲ್ಲಿ ಆರ್ಕೆಸ್ಟ್ರಾದವರು ಅದನ್ನೇ ನುಡಿಸೋದು.

ನಮ್ಮನೇಲೂ ಒಂದು ಯುದ್ಧ ನಡೀತಿತ್ತು. ಅಪ್ಪನಿಗೆ ಅಶ್ವತ್ಥ್ ಅಂದ್ರೆ ಆಗ್ತಿರಲಿಲ್ಲ. "ಕಾಳಿಂಗರಾಯರು ಕವಿತೆನ ಕೈ ಹಿಡಿದು ನಡೆಸ್ತಿದ್ರು. ಇವರು ಕವಿತೆನ ಎತ್ತಿ ಎಸೀತಾರೆ. ಭಾವಗೀತೆಗೆ ಈ ಆರ್ಭಟ ಯಾಕೆ?" ಅಂತ. ಅಮ್ಮ ಉತ್ತರ ಕೊಡ್ತಿರಲಿಲ್ಲ, ವಾಲ್ಯೂಮ್ ಜಾಸ್ತಿ ಮಾಡ್ತಿದ್ರು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದಾಗ ಅಪ್ಪ ಸಿನಿಮಾ ನೋಡಿದ್ರು, ಮೆಚ್ಚಿಕೊಂಡ್ರು, ಆದ್ರೂ "ಶರೀಫರು ಅಷ್ಟು ಜೋರಾಗಿ ಹಾಡಿರಲಾರರು" ಅಂತ ಒಂದು ತಕರಾರು ಉಳಿಸಿಕೊಂಡ್ರು.

2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವತ್ಥರ 'ಕನ್ನಡವೇ ಸತ್ಯ' ನಡೀತಲ್ಲ, ನಿಮ್ಮಲ್ಲಿ ಎಷ್ಟೋ ಜನ ಹೋಗಿರ್ತೀರಿ. ಭಾವಗೀತೆ ಕೇಳೋಕೆ ಅಷ್ಟು ಜನ ಸೇರಿದ್ದನ್ನ ಬೆಂಗಳೂರು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಮ್ಮ ಅಪ್ಪನನ್ನ ಎಳ್ಕೊಂಡು ಹೋದ್ರು. ಆರ್.ಟಿ. ನಗರದಿಂದ ಮೇಖ್ರಿ ವೃತ್ತ ದಾಟಿದ್ರೆ ಮೈದಾನ, ನಡ್ಕೊಂಡೇ ಹೋದ್ರು. ರಾತ್ರಿ ವಾಪಸ್ ಬಂದಾಗ ಅಪ್ಪ ಮಾತಾಡಲಿಲ್ಲ. ನೀರು ಕುಡಿದು ಮಲಗಿಬಿಟ್ರು. ಮಾರನೇ ದಿನ ಬಚ್ಚಲುಮನೆಯಿಂದ ಗುನುಗು ಕೇಳಿಸ್ತು. ಅದು ಕಾಳಿಂಗರಾಯರದಲ್ಲ. ಅಮ್ಮ ಅಡುಗೆಮನೆಯಿಂದ ನನ್ನ ಕಡೆ ನೋಡಿ ತುಟಿ ಮೇಲೆ ಬೆರಳಿಟ್ಟು, ಸುಮ್ಮನಿರು ಅಂದ್ರು. ಕಾಫಿ ಕುಡೀವಾಗ ಅಪ್ಪ ತಾನಾಗೇ ಹೇಳಿದ್ರು: "ಅವರು ಕಿರುಚ್ತಿರಲಿಲ್ಲ ಕಣೋ. ಹಿಂದೆ ಇರೋರನ್ನೂ ಕರೀತಿದ್ರು."

ಅಪ್ಪ ಒಂದೇ ರಾತ್ರಿಯಲ್ಲಿ ಬದಲಾದ್ರು. ನಂಗೆ ಹನ್ನೆರಡು ವರ್ಷ ಹಿಡೀತು.

'ಲೋಡ್' ಕ್ಯಾಸೆಟ್ಟನ್ನ ನಾನು ಶೂ ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಎಸೆದಿದ್ದೆ. ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ, ರಾತ್ರಿ ಪಾಳಿ ಮುಗಿಸಿ ಬರೋಕೆ ಒಂದು ವಾಕ್‌ಮನ್ ತಗೊಂಡೆ. ಹಳೇ ಕ್ಯಾಸೆಟ್ಟುಗಳೆಲ್ಲ ಕೇಳಿ ಕೇಳಿ ರೀಲು ಸವೆದು ಎಳೀತಿದ್ವು. ಕೆಡದೇ ಉಳಿದದ್ದು ಇದೊಂದೇ, ಯಾಕಂದ್ರೆ ಕೇಳೇ ಇರಲಿಲ್ಲ. ಹಾಗಾಗಿ ಬೇರೆ ದಾರಿಯಿಲ್ಲದೆ ಹಾಕ್ಕೊಂಡೆ. ರಾತ್ರಿ ಎರಡು ಗಂಟೆಗೆ ಆಫೀಸಿನ ವ್ಯಾನು ಬಳ್ಳಾರಿ ರಸ್ತೆಯಲ್ಲಿ ಬರ್ತಿರೋವಾಗ ಆ ನಿಧಾನ ನಂಗೆ ಮೊದಲ ಸಲ ಸರಿ ಅನ್ನಿಸ್ತು. ಹಳೇ ಆಲ್ಬಂಗಳಲ್ಲಿ ಉಸಿರಾಡೋಕೆ ಜಾಗ ಇರಲಿಲ್ಲ, ಇಲ್ಲಿ ಇತ್ತು. 1988ರ ಆಲ್ಬಂನಲ್ಲಿ ಬೇಸ್ ಗಿಟಾರ್ ಇದೆಯೋ ಇಲ್ಲವೋ ಅನ್ನೋ ಹಾಗೆ ಅದುಮಿಟ್ಟಿದ್ರು. ಕ್ಲಿಫ್ ಸತ್ತ ಮೇಲೆ ಬಂದ ಜೇಸನ್ ನ್ಯೂಸ್ಟೆಡ್ ಏನು ನುಡಿಸಿದ ಅಂತ ಗೊತ್ತಾಗದೇ ಇದ್ದ ಆಲ್ಬಂ ಅದು. ಇಲ್ಲಿ ಅವನೂ ಕೇಳಿಸ್ತಾನೆ.

ಇನ್ನೊಂದು ವಿಷಯ. ಅಲ್ಲಿವರೆಗೆ ರೆಕಾರ್ಡಿಂಗ್‌ನಲ್ಲಿ ರಿದಮ್ ಗಿಟಾರ್ ಪೂರ್ತಿ ಹೆಟ್‌ಫೀಲ್ಡ್ ಒಬ್ಬನೇ ನುಡಿಸ್ತಿದ್ದ. ಒಬ್ಬನ ಕೈಯಿಂದ ಬಂದ್ರೆ ಗೋಡೆ ಕಟ್ಟಿದ ಹಾಗೆ ಒಂದೇ ಸಮ ಇರುತ್ತೆ ಅಂತ. 'ಲೋಡ್'ನಲ್ಲಿ ಮೊದಲ ಬಾರಿಗೆ ಕರ್ಕ್ ಹ್ಯಾಮೆಟ್‌ಗೂ ಅದನ್ನ ಬಿಟ್ಟುಕೊಟ್ಟ. ಎರಡು ಕೈ ಬಂದಾಗ ಸಣ್ಣ ಸಣ್ಣ ಬಿರುಕು ಬರುತ್ತೆ. ನಾನು ಆ ಬಿರುಕನ್ನ ಸೋಮಾರಿತನ ಅಂತ ತಿಳ್ಕೊಂಡಿದ್ದೆ. ಕೊನೇ ಹಾಡು 'ದಿ ಔಟ್‌ಲಾ ಟೋರ್ನ್', ಹತ್ತು ನಿಮಿಷಕ್ಕೆ ಹತ್ತಿರ. ಸಿ.ಡಿ.ಯಲ್ಲಿ ಜಾಗ ಸಾಲದೆ ಅದರ ಕೊನೆಯನ್ನ ಒಂದು ನಿಮಿಷದಷ್ಟು ಕತ್ತರಿಸಬೇಕಾಯ್ತು. ವ್ಯಾನು ಮೇಖ್ರಿ ವೃತ್ತಕ್ಕೆ ಬರೋ ಹೊತ್ತಿಗೆ ಶುರುವಾಗೋ ಹಾಗೆ ಲೆಕ್ಕ ಹಾಕಿ ಹಾಕ್ತಿದ್ದೆ, ಮನೆ ಬಾಗಿಲಲ್ಲಿ ಮುಗೀತಿತ್ತು.

ಆದ್ರೆ 'ಮಾಮಾ ಸೆಡ್' ಬಂದ್ರೆ ಫಾರ್ವರ್ಡ್ ಒತ್ತುತ್ತಿದ್ದೆ. ಅದೊಂದು ಮಾತ್ರ ಆಗ್ತಿರಲಿಲ್ಲ.

2008ರಲ್ಲಿ ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾಯ್ತು. ವಿವರ ಬೇಡ. ಮನೇಲಿ ಇಂಥದ್ದು ಕಂಡವರಿಗೆ ಹೇಳೋದು ಬೇಕಿಲ್ಲ, ಕಾಣದವರಿಗೆ ಹೇಳಿ ಪ್ರಯೋಜನ ಇಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಒಬ್ಬರಿಗೆ ಮಾತ್ರ ಒಳಗಿರೋಕೆ ಬಿಡ್ತಿದ್ರು. ಅಕ್ಕ ಒಳಗೆ, ನಾನು ಮತ್ತು ಅಪ್ಪ ಕೆಳಗೆ ಕಾರಿನಲ್ಲಿ. ನಾನು ಆಗ ಚಾನೆಲ್‌ಗೆ ಬಂದಾಗಿತ್ತು. ಹಗಲೆಲ್ಲ ಸ್ಟುಡಿಯೋದಲ್ಲಿ ಮೇಜು ಕುಟ್ಟಿ ಬಂದು, ರಾತ್ರಿ ಇಲ್ಲಿ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂರೋದು. ಒಂದು ರಾತ್ರಿ ಸ್ಟೀರಿಯೋದಲ್ಲಿ ಹಾಡು ತಾನೇ ಮುಂದುವರಿದು 'ಮಾಮಾ ಸೆಡ್' ಬಂತು. ಫಾರ್ವರ್ಡ್ ಒತ್ತೋಕೆ ಕೈ ಏಳಲಿಲ್ಲ.

ಹೆಟ್‌ಫೀಲ್ಡ್‌ಗೆ 16 ವರ್ಷ ಇದ್ದಾಗ ಅವನ ತಾಯಿ ಕ್ಯಾನ್ಸರಿನಿಂದ ತೀರಿಕೊಂಡ್ರು. ಕ್ರಿಶ್ಚಿಯನ್ ಸೈನ್ಸ್ ಅನ್ನೋ ಪಂಥ ಅವರದು, ಪ್ರಾರ್ಥನೆಯಿಂದಲೇ ಗುಣ ಆಗಬೇಕು ಅನ್ನೋ ನಂಬಿಕೆ. ಔಷಧಿ ತಗೊಳ್ಳಲಿಲ್ಲ. ತಂದೆ ಅದಕ್ಕೂ ಮುಂಚೆಯೇ ಮನೆ ಬಿಟ್ಟಿದ್ರು. ಇದೆಲ್ಲ ನಂಗೆ ಹುಡುಗನಾಗಿದ್ದಾಗಿಂದ ಗೊತ್ತಿತ್ತು, ಪತ್ರಿಕೆಗಳಲ್ಲಿ ಓದಿದ್ದೆ. ಗೊತ್ತಿದ್ದದ್ದು ಬೇರೆ, ಕೇಳಿಸಿದ್ದು ಬೇರೆ. ಆ ನಾಲ್ಕು ಆಲ್ಬಂಗಳಲ್ಲಿ ಆ ಹುಡುಗ ಜಗತ್ತಿನ ಮೇಲೆಲ್ಲ ಕೂಗಾಡಿದ್ದ. ಯುದ್ಧ, ಕೋರ್ಟು, ಹುಚ್ಚಾಸ್ಪತ್ರೆ, ಎಲ್ಲದರ ಮೇಲೆ. 'ಲೋಡ್' ಹೊತ್ತಿಗೆ ಮೂವತ್ತು ದಾಟಿತ್ತು. ಆಗ ಕೂಗೋದು ನಿಲ್ಲಿಸಿ, ಒಂದು ಸಾಧಾರಣ ಗಿಟಾರ್ ಇಟ್ಕೊಂಡು, ಅವಸರದಲ್ಲಿ ಮನೆ ಬಿಟ್ಟುಹೋದ ಮಗ ತಾಯಿ ಜತೆ ಆಡದೇ ಉಳಿದ ಮಾತನ್ನ ಹಾಡಿದ್ದ. ಅದನ್ನ ಥ್ರ್ಯಾಶ್ ವೇಗದಲ್ಲಿ ಹಾಡೋಕಾಗುತ್ತಾ? ಅದಕ್ಕೇ ಹಾಡಿನ ರೀತಿಯೇ ಬದಲಾಗಬೇಕಿತ್ತು. ನಾನು ಮಾರಾಟ ಅಂದ್ಕೊಂಡಿದ್ದು ಅದನ್ನ.

ಹಿಂದಿನ ಸೀಟಿನಲ್ಲಿ ಅಪ್ಪ ಮಲಗಿದ್ದಾರೆ ಅಂದ್ಕೊಂಡಿದ್ದೆ. ಎದ್ದು ಕೂತ್ರು.

"ಯಾರೋ ಇದು?"

"ಮೆಟಾಲಿಕಾ, ಅಪ್ಪ."

"ಸುಳ್ಳು ಹೇಳ್ಬೇಡ. ಅವರು ಹಿಂಗಿರಲ್ಲ. ಏನ್ ಹೇಳ್ತಿದಾನೆ?"

ಹೇಳಿದೆ. ಅವನ ತಾಯಿ ವಿಷಯ, ಔಷಧಿ ತಗೊಳ್ಳದ ವಿಷಯ ಎಲ್ಲ. ಅಪ್ಪ ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿದ್ರು.

"ಪಾಪ, ಹುಡುಗ. ಇನ್ನೊಂದ್ಸಲ ಹಾಕು."

ಅಮ್ಮ 2009ರ ಬೇಸಿಗೆಯಲ್ಲಿ ಹೋದ್ರು. ಅದೇ ವರ್ಷ ಡಿಸೆಂಬರ್ 29ಕ್ಕೆ ಅಶ್ವತ್ಥರೂ ಹೋದ್ರು, ಅವರ ಹುಟ್ಟುಹಬ್ಬದ ದಿನವೇ. ಮಾರನೇ ದಿನ ವಿಷ್ಣುವರ್ಧನ್. ಆ ಎರಡು ದಿನ ನಾನು ಸ್ಟುಡಿಯೋದಿಂದ ಎದ್ದಿಲ್ಲ. ಅಪ್ಪ ಮನೇಲಿ ಒಬ್ಬರೇ ಕೂತು ಟಿ.ವಿ. ನೋಡಿದ್ರು. "ನೀನು ತುಂಬ ಜೋರಾಗಿ ಮಾತಾಡಿದೆ. ಸಾವಿನ ಸುದ್ದಿನ ಯಾರಾದ್ರೂ ಹಂಗೆ ಹೇಳ್ತಾರೇನೋ?" ಅಂದ್ರು. ಮೇಷ್ಟ್ರೇ, ಇದನ್ನ ಗುರುತು ಹಾಕ್ಕೊಳ್ಳಿ. ನಾನು ತಕ್ಷಣ ಬದಲಾಗಲಿಲ್ಲ. ಟಿ.ಆರ್.ಪಿ. ಚೆನ್ನಾಗಿತ್ತು. ಆದ್ರೆ ಮಾತು ಒಳಗೆ ಉಳೀತು.

2011ರಲ್ಲಿ ಮೆಟಾಲಿಕಾ ಭಾರತಕ್ಕೇ ಬಂತು. ಅಕ್ಟೋಬರ್ 28ಕ್ಕೆ ದೆಹಲಿ ಪಕ್ಕದ ಗುರುಗ್ರಾಮದಲ್ಲಿ, 30ಕ್ಕೆ ನಮ್ಮ ಅರಮನೆ ಮೈದಾನದಲ್ಲಿ. ಗುರುಗ್ರಾಮದ್ದು ಕೊನೇ ಗಳಿಗೆಯಲ್ಲಿ ರದ್ದಾಯ್ತು. ಜನ ಬ್ಯಾರಿಕೇಡ್ ಮುರಿದು ವೇದಿಕೆಗೇ ನುಗ್ಗಿದ್ರು. ಮಾರನೇ ದಿನ ನಮ್ಮ ಡೆಸ್ಕಿನಲ್ಲಿ ಪಟ್ಟಿ ಓಡಿತು: "ಬೆಂಗಳೂರಲ್ಲೂ ನಡೆಯುತ್ತಾ ರಾಕ್ ರಂಪಾಟ?" ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ನಮ್ಮ ಕಸುಬಿನಲ್ಲಿ ಆ ಚಿಹ್ನೆ ಹಾಕಿದ್ರೆ ಏನು ಬೇಕಾದ್ರೂ ಬರೀಬಹುದು. ಆ ಸಾಲು ಬರೆದವನು ನಾನೇ. ಜೇಬಿನಲ್ಲಿ ಟಿಕೆಟ್ ಇಟ್ಕೊಂಡು ಬರೆದೆ. ಬೆಂಗಳೂರಿನಲ್ಲಿ ಕಾರ್ಯಕ್ರಮ ನಡೀತು. ರಂಪಾಟ ಆಗಲಿಲ್ಲ. ಆಗಲಿಲ್ಲ ಅನ್ನೋ ಪಟ್ಟಿಯನ್ನ ನಾವು ಓಡಿಸಲಿಲ್ಲ.

ಯಶವಂತಪುರದವನೂ ಬಂದಿದ್ದ. ತಲೆ ಪೂರ್ತಿ ಬೋಳಾಗಿತ್ತು. ನಂದೂ ಅರ್ಧ ದಾರಿಯಲ್ಲಿತ್ತು. ಇಬ್ಬರೂ ಒಬ್ಬರ ತಲೆ ಒಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು. ಭಾನುವಾರ ರಾತ್ರಿ, ಕೆಂಪು ಮಣ್ಣಿನ ಮೈದಾನ, ನಮ್ಮ ಮಕ್ಕಳ ವಯಸ್ಸಿನ ಹುಡುಗರು ಹಳೇ ಹಾಡುಗಳನ್ನ ಅಕ್ಷರ ಬಿಡದೆ ಹಾಡ್ತಿದ್ರು. ನಾನೂ ಕುತ್ತಿಗೆ ನೋಯೋವರೆಗೂ ತಲೆ ಆಡಿಸಿದೆ, ಸುಳ್ಳು ಹೇಳಲ್ಲ. ಆದ್ರೆ ಪ್ರತಿ ಹಾಡು ಮುಗಿದಾಗಲೂ ಒಂದೇ ಹಾಡಿಗೆ ಕಾಯ್ತಿದ್ದೆ. ಅದು ಬರಲಿಲ್ಲ. ಅಂಥ ಜಾತ್ರೆಯಲ್ಲಿ ಹಾಡೋ ಹಾಡೂ ಅಲ್ಲ ಅದು. "ನೋಡಿದ್ಯಾ, ಹಳೇದೇ ಗಟ್ಟಿ" ಅಂದ ಸ್ನೇಹಿತ. ನಾನು ವಾದ ಮಾಡಲಿಲ್ಲ. ಅದರ ಮಾರನೇ ದಿನವೇ ಅವರು ಲೂ ರೀಡ್ ಜತೆ ಮಾಡಿದ 'ಲುಲು' ಅನ್ನೋ ಆಲ್ಬಂ ಬಿಡುಗಡೆ ಆಯ್ತು, ಮತ್ತೆ ಜಗತ್ತಿನ ತುಂಬ ಬೈಗುಳ. ಅದನ್ನೂ, 2003ರ ಡಬ್ಬಾ ಬಡಿದ ಹಾಗಿರೋ 'ಸೇಂಟ್ ಆ್ಯಂಗರ್' ಅನ್ನೂ ನಾನು ಇನ್ನೂ ಒಪ್ಪಿಕೊಂಡಿಲ್ಲ. ಬದಲಾಗಿದ್ದೆಲ್ಲ ಒಳ್ಳೇದು ಅಂತ ನಾನು ಹೇಳ್ತಿಲ್ಲ, ಮೇಷ್ಟ್ರೇ. ಈಗಿನ ನನ್ನ ಕಾರ್ಯಕ್ರಮ ನಿಮಗೆ 'ಲೋಡ್' ಆಗುತ್ತೋ 'ಲುಲು' ಆಗುತ್ತೋ ನಂಗೆ ಗೊತ್ತಿಲ್ಲ. ನೀವೇ ನೋಡಿ ಹೇಳಬೇಕು.

ಅವತ್ತು ರಾತ್ರಿ ಆಟೋ ಸಿಗಲಿಲ್ಲ. ಮೇಖ್ರಿ ವೃತ್ತ ದಾಟಿ, ಅಪ್ಪ ಅಮ್ಮ ಆರು ವರ್ಷದ ಹಿಂದೆ ನಡೆದು ಬಂದ ದಾರಿಯಲ್ಲೇ ನಡ್ಕೊಂಡು ಮನೆಗೆ ಬಂದೆ. ಅಪ್ಪ ಎದ್ದಿದ್ರು. ವರಾಂಡದ ದೀಪ ಹಾಕಿ, ನನ್ನ ಶೂ ಮೇಲಿನ ಕೆಂಪು ಮಣ್ಣು ನೋಡಿ, ಹೊರಗೇ ಬಿಡು ಅಂದ್ರು. ಆಮೇಲೆ ಕೇಳಿದ್ರು.

"ಆ ಅಮ್ಮನ ಹಾಡು ಹಾಡಿದ್ರಾ?"

"ಇಲ್ಲ ಅಪ್ಪ."

"ಮತ್ತೆ ಇಷ್ಟೊತ್ತು ಏನ್ ಮಾಡ್ತಿದ್ರು?" ಅಂತ ದೀಪ ಆರಿಸಿ ಒಳಗೆ ಹೋದ್ರು.